ಸೆನೆಟರ್ ಜೋಸೆಫ್ ಮೆಕಾರ್ಥಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಮ್ಯುನಿಸ್ಟ್ ವಿರೋಧಿ ರಾಜಕಾರಣದ ಮಾತು ಬಂದರೆ ಮೊದಲು ಬಾಯಿಗೆ ಬರುವ ಹೆಸರು ಮೆಕಾರ್ಥಿ. ಅವನು ಮಾಡಿದ್ದರ ಜೊತೆಗೆ ಬೇರೆಯವರು ಮಾಡಿದ್ದೂ ಅವನ ಖಾತೆಗೇ ಜಮೆಯಾಗಿಬಿಟ್ಟಿದೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಸುಲಭದ್ದರಿಂದ ತೊಡಕಿನದರ ಕಡೆಗೆ ಜೋಡಿಸಿ ಉತ್ತರಿಸಿದ್ದೇವೆ.

ಮೊದಲು ತಿಳಿಯಬೇಕಾದ್ದು

ಈ ಮೆಕಾರ್ಥಿ ಯಾರು? ಎರಡು ಮಾತಲ್ಲಿ ಹೇಳಿ ನೋಡೋಣ.

ವಿಸ್ಕಾನ್ಸಿನ್ ರಾಜ್ಯದ ರಿಪಬ್ಲಿಕನ್ ಸೆನೆಟರ್. 1947ರ ಜನವರಿಯಲ್ಲಿ ಸೆನೆಟ್ ಸೇರಿದ, 1957ರ ಮೇ 2ರಂದು ಸಾಯುವವರೆಗೂ ಅಲ್ಲೇ ಇದ್ದ. ಆದರೆ ದೇಶವನ್ನು ನಡುಗಿಸಿದ ಅವಧಿ ಐದು ವರ್ಷವೂ ಅಲ್ಲ: 1950ರ ಫೆಬ್ರವರಿಯಿಂದ 1954ರ ಡಿಸೆಂಬರ್‌ವರೆಗೆ. ಅದರಲ್ಲೂ ಸಮಿತಿಯ ಅಧ್ಯಕ್ಷಗಿರಿ, ಅಂದರೆ ಸಾಕ್ಷಿಗಳನ್ನು ಕರೆಸುವ ನಿಜವಾದ ಅಧಿಕಾರ, ಅವನ ಕೈಯಲ್ಲಿದ್ದದ್ದು 1953 ಮತ್ತು 1954 ಎರಡೇ ವರ್ಷ.

ಹಾಲಿವುಡ್‌ನವರನ್ನು ಜೈಲಿಗೆ ಕಳಿಸಿದ್ದು ಇವನೇ ಅಲ್ಲವೇ?

ಅಲ್ಲ. ಅತಿ ಹೆಚ್ಚು ಬರುವ ತಪ್ಪು ಇದು. ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪದೆ ಜೈಲಿಗೆ ಹೋದ ಚಿತ್ರರಂಗದವರ, ಅಂದರೆ 'ಹಾಲಿವುಡ್ ಹತ್ತು ಮಂದಿ'ಯ, ವಿಚಾರಣೆ ನಡೆದದ್ದು 1947ರ ಅಕ್ಟೋಬರ್‌ನಲ್ಲಿ, ಪ್ರತಿನಿಧಿ ಸಭೆಯ ಅಮೆರಿಕ-ವಿರೋಧಿ ಚಟುವಟಿಕೆಗಳ ಸಮಿತಿಯ ಮುಂದೆ. ಮೆಕಾರ್ಥಿ ಸೆನೆಟ್‌ನವನು. ರಾಜ್ಯಸಭೆಯ ಸದಸ್ಯ ಲೋಕಸಭೆಯದೇ ಆದ ಸಮಿತಿಗೆ ಅಧ್ಯಕ್ಷನಾಗಲು ಹೇಗೆ ಬರುವುದಿಲ್ಲವೋ ಇದೂ ಹಾಗೆಯೇ. ಆ ಹೊತ್ತಿಗೆ ಅವನಿಗೆ ಕಮ್ಯುನಿಸ್ಟರ ಗೊಡವೆಗಿಂತ ಸಕ್ಕರೆ ಪಡಿತರದ ಗೊಡವೆಯೇ ಹೆಚ್ಚಾಗಿತ್ತು.

ಅವನ ತಲೆಗೆ ಕಟ್ಟುವ ಇನ್ನೂ ಕೆಲವು ಪ್ರಕರಣಗಳಿವೆ. ಚಾರ್ಲಿ ಚಾಪ್ಲಿನ್‌ನ ಮರುಪ್ರವೇಶದ ಅನುಮತಿಯನ್ನು 1952ರಲ್ಲಿ ರದ್ದು ಮಾಡಿದ್ದು ಅಟಾರ್ನಿ ಜನರಲ್. ಸೋವಿಯತ್ ಪರ ಗೂಢಚಾರಿಕೆಯ ಆರೋಪ ಹೊತ್ತ ರೋಸೆನ್‌ಬರ್ಗ್ ದಂಪತಿಗೆ ಮರಣದಂಡನೆ ಕೊಟ್ಟದ್ದು ಫೆಡರಲ್ ನ್ಯಾಯಾಲಯ. ಅಣುವಿಜ್ಞಾನಿ ಓಪನ್‌ಹೈಮರ್‌ನ ಭದ್ರತಾ ಪರವಾನಗಿ ಕಿತ್ತುಕೊಂಡದ್ದು ಪರಮಾಣು ಶಕ್ತಿ ಆಯೋಗ. ವಿದೇಶಾಂಗ ಇಲಾಖೆಯ ಮಾಜಿ ಅಧಿಕಾರಿ ಆಲ್ಜರ್ ಹಿಸ್‌ನ ಬೆನ್ನು ಹತ್ತಿದ್ದು ರಿಚರ್ಡ್ ನಿಕ್ಸನ್.

ಹುಟ್ಟಿ ಬೆಳೆದದ್ದು ಎಲ್ಲಿ? ಓದು ಎಷ್ಟು?

1908ರ ನವೆಂಬರ್ 14ರಂದು ವಿಸ್ಕಾನ್ಸಿನ್‌ನ ಆ್ಯಪಲ್ಟನ್ ಬಳಿಯ ಗ್ರ್ಯಾಂಡ್ ಷೂಟ್‌ನಲ್ಲಿ ಹುಟ್ಟಿದ. ಐರಿಷ್ ಮೂಲದ ಕ್ಯಾಥೊಲಿಕ್ ಒಕ್ಕಲು ಮನೆತನ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಕೋಳಿ ಸಾಕಿದ, ಆಮೇಲೆ ಮನಾವಾ ಎಂಬ ಸಣ್ಣ ಊರಲ್ಲಿ ದಿನಸಿ ಅಂಗಡಿ ನೋಡಿಕೊಂಡ. ಇಪ್ಪತ್ತನೇ ವಯಸ್ಸಿಗೆ ಅದೇ ಊರಿನ ಹೈಸ್ಕೂಲಿಗೆ ಮತ್ತೆ ಸೇರಿ ನಾಲ್ಕು ವರ್ಷದ ಪಾಠವನ್ನು ಒಂದೇ ವರ್ಷದಲ್ಲಿ ಮುಗಿಸಿದ. ಇದು ಉತ್ಪ್ರೇಕ್ಷೆಯಲ್ಲ, ದಾಖಲೆಯಲ್ಲಿರುವುದೇ. 1930ರಲ್ಲಿ ಮಿಲ್ವಾಕಿಯ ಮಾರ್ಕೆಟ್ ವಿಶ್ವವಿದ್ಯಾಲಯಕ್ಕೆ ಎಂಜಿನಿಯರಿಂಗ್ ಓದಲು ಹೋಗಿ, ಎರಡು ವರ್ಷದ ನಂತರ ಕಾನೂನಿಗೆ ಬದಲಾಯಿಸಿ, 1935ರಲ್ಲಿ ಪದವಿ ಪಡೆದ.

ನ್ಯಾಯಾಧೀಶನೂ ಆಗಿದ್ದನಂತೆ?

ಹೌದು. ವಿಸ್ಕಾನ್ಸಿನ್‌ನಲ್ಲಿ ಸರ್ಕಿಟ್ ನ್ಯಾಯಾಧೀಶರನ್ನು ಮತದಾರರೇ ಆರಿಸುತ್ತಾರೆ. 1936ರಲ್ಲಿ ಡೆಮಾಕ್ರಟ್ ಆಗಿ (ಹೌದು, ಡೆಮಾಕ್ರಟ್ ಆಗಿಯೇ) ಶಾವಾನೊ ಕೌಂಟಿಯ ಜಿಲ್ಲಾ ಅಭಿಯೋಜಕ ಹುದ್ದೆಗೆ ನಿಂತು ಸೋತಿದ್ದ. 1939ರಲ್ಲಿ ನ್ಯಾಯಾಧೀಶ ಹುದ್ದೆಗೆ ನಿಂತು, 24 ವರ್ಷದಿಂದ ಕುಳಿತಿದ್ದ ಎಡ್ಗರ್ ವರ್ನರ್‌ನನ್ನು ಸೋಲಿಸಿದ. ಎದುರಾಳಿಗೆ 66 ವರ್ಷ. ಮೆಕಾರ್ಥಿಯ ಪ್ರಚಾರದಲ್ಲಿ ಅದು 73 ಆಯಿತು. ಅಂಕಿಯ ಜೊತೆಗಿನ ಆಟ ಅಲ್ಲಿಂದಲೇ ಶುರು.

ಪೀಠದಲ್ಲಿ ಅವನು ಸೋಮಾರಿಯಾಗಿರಲಿಲ್ಲ. ರಾತ್ರಿಯವರೆಗೂ ಕಲಾಪ ನಡೆಸಿ, ಗುಡ್ಡೆಬಿದ್ದಿದ್ದ ಮೊಕದ್ದಮೆಗಳನ್ನು ಇತ್ಯರ್ಥ ಮಾಡಿದ. ಆದರೆ 1941ರಲ್ಲಿ 'ಕ್ವೇಕರ್ ಡೇರಿ' ಎಂಬ ಹಾಲಿನ ದರದ ಮೊಕದ್ದಮೆಯಲ್ಲಿ ಕಲಾಪದ ಟಿಪ್ಪಣಿಯ ಒಂದು ಭಾಗವನ್ನು ನಾಶ ಮಾಡಿಸಿದ್ದಕ್ಕೆ ರಾಜ್ಯದ ಸುಪ್ರೀಂ ಕೋರ್ಟ್ ಅವನನ್ನು ಕಟುವಾಗಿ ಟೀಕಿಸಿತು.

'ಟೇಲ್ ಗನ್ನರ್ ಜೋ' (ಯುದ್ಧವಿಮಾನದ ಹಿಂಬದಿಯ ಬಂದೂಕುಗಾರ ಜೋ) ಎಂಬ ಹೆಸರು ನಿಜವಾಗಿ ಬಂದದ್ದೇ, ತಾನೇ ಇಟ್ಟುಕೊಂಡದ್ದೇ?

ಅರ್ಧ ಅದು, ಅರ್ಧ ಇದು. ನ್ಯಾಯಾಧೀಶನಾದ್ದರಿಂದ ಕಡ್ಡಾಯ ಸೇನಾಸೇವೆಯಿಂದ ಅವನಿಗೆ ವಿನಾಯಿತಿ ಇತ್ತು. ಆದರೂ 1942ರಲ್ಲಿ ಮರೀನ್ ದಳ ಸೇರಿದ. ಇದಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ. ಕೆಲಸ ಮಾತ್ರ ಮೇಜಿನದು: ಸಾಲೊಮನ್ ದ್ವೀಪಗಳಲ್ಲಿ ಬಾಂಬರ್ ಪಡೆಯೊಂದರ ಗುಪ್ತಚರ ಅಧಿಕಾರಿಯಾಗಿ ಪೈಲಟ್‌ಗಳಿಗೆ ಹಾರಾಟಕ್ಕೆ ಮುಂಚೆ ವಿವರ ಹೇಳುವುದು, ಮರಳಿದ ಮೇಲೆ ವರದಿ ಕೇಳುವುದು. ವೀಕ್ಷಕನಾಗಿ ಹಿಂದಿನ ಸೀಟಿನಲ್ಲಿ ಕೂತು ಹನ್ನೆರಡು ಬಾರಿ ಹಾರಿದ್ದ. ಮುಂದೆ ಅದು 32 ಎಂದು ಹೇಳಿಕೊಂಡು, ಆ ಲೆಕ್ಕದ ಮೇಲೆ 1952ರಲ್ಲಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕವನ್ನೂ ಪಡೆದ. ಯುದ್ಧದ ಗಾಯವೆಂದು ತೋರಿಸುತ್ತಿದ್ದ ಕಾಲಿನ ಪೆಟ್ಟು, ಹಡಗು ಭೂಮಧ್ಯರೇಖೆ ದಾಟುವಾಗ ನಾವಿಕರು ನಡೆಸುವ ತಮಾಷೆಯ ಆಚರಣೆಯಲ್ಲಿ ಆದದ್ದು.

ಸೆನೆಟ್‌ಗೆ ಬಂದ ದಾರಿ

ಲಾ ಫಾಲೆಟ್‌ನಂಥ ದೊಡ್ಡ ಹೆಸರಿನವನನ್ನು ಸೋಲಿಸಿದ್ದಾದರೂ ಹೇಗೆ?

ಮೆಕಾರ್ಥಿ ಗೆದ್ದ ಎನ್ನುವುದಕ್ಕಿಂತ ಲಾ ಫಾಲೆಟ್ ಊರಿಗೆ ಬರಲಿಲ್ಲ ಎನ್ನುವುದು ಸರಿ. ಕಿರಿಯ ರಾಬರ್ಟ್ ಲಾ ಫಾಲೆಟ್ 1925ರಿಂದ ಸೆನೆಟರ್. ಸ್ವಂತದ ಪ್ರೊಗ್ರೆಸಿವ್ ಪಕ್ಷವನ್ನು 1946ರಲ್ಲಿ ಮುಚ್ಚಿ ರಿಪಬ್ಲಿಕನ್ ಪಕ್ಷಕ್ಕೆ ಮರಳಿದ್ದ; ಹಳೆಯ ರಿಪಬ್ಲಿಕನ್ನರಿಗೆ ಅವನ ಮೇಲೆ ಸಿಟ್ಟು, ಹಳೆಯ ಬೆಂಬಲಿಗರಲ್ಲಿ ಹಲವರು ಡೆಮಾಕ್ರಟ್ ಕಡೆ ಹೊರಟಿದ್ದರು. ಅವನೋ ವಾಷಿಂಗ್ಟನ್‌ನಲ್ಲೇ ಉಳಿದು ಕಾಂಗ್ರೆಸ್ ಪುನರ್‌ರಚನೆಯ ಮಸೂದೆಯಲ್ಲಿ ಮುಳುಗಿದ್ದ. ಮೆಕಾರ್ಥಿ ರಾಜ್ಯವೆಲ್ಲ ಸುತ್ತಿದ, ಅಂಚೆ ಕಾರ್ಡು ಹಂಚಿದ, ಲಾ ಫಾಲೆಟ್ ಯುದ್ಧಕ್ಕೆ ಹೋಗಲಿಲ್ಲ ಎಂದು ಹೀಯಾಳಿಸಿದ (ಪರ್ಲ್ ಹಾರ್ಬರ್ ದಾಳಿಯಾದಾಗ ಅವನಿಗೆ 46 ವರ್ಷ). ಪಕ್ಷದೊಳಗಿನ ಆಯ್ಕೆಯಲ್ಲಿ ಮೆಕಾರ್ಥಿಗೆ 2,07,935, ಲಾ ಫಾಲೆಟ್‌ಗೆ 2,02,557 ಮತ. ಅಂತರ 5,378. ನವೆಂಬರ್‌ನ ಚುನಾವಣೆಯಲ್ಲಿ ಡೆಮಾಕ್ರಟ್ ಹೊವರ್ಡ್ ಮೆಕ್‌ಮರ್ರೆ ಸುಲಭವಾಗಿ ಸೋತ.

ವಿಪರ್ಯಾಸ ನೋಡಿ: ಲಾ ಫಾಲೆಟ್ ಕುರ್ಚಿ ಕಳೆದುಕೊಂಡು ಬರೆದ ಆ 1946ರ ಕಾಯ್ದೆಯೇ ಸೆನೆಟ್‌ನ ಸ್ಥಾಯಿ ಸಮಿತಿಗಳಿಗೆ ಸಮನ್ಸ್ ಹೊರಡಿಸುವ ಅಧಿಕಾರವನ್ನೂ ಪೂರ್ಣಾವಧಿ ಸಿಬ್ಬಂದಿಯನ್ನೂ ಕೊಟ್ಟಿತು. ಏಳು ವರ್ಷದ ನಂತರ ಮೆಕಾರ್ಥಿ ಕೂತದ್ದು ಆ ಅಡಿಪಾಯದ ಮೇಲೆಯೇ.

1950ಕ್ಕೂ ಮೊದಲೇ ಕಮ್ಯುನಿಸ್ಟರ ಕಡು ವಿರೋಧಿಯಾಗಿದ್ದನೇ?

ಚುನಾವಣೆಯಲ್ಲಿ ಎದುರಾಳಿಗೆ ಕೆಂಪು ಬಣ್ಣ ಬಳಿಯುವಷ್ಟು ಮಾತ್ರ. ಅದನ್ನು ಆಗ ಎಲ್ಲರೂ ಮಾಡುತ್ತಿದ್ದರು. ಮೊದಲ ಮೂರು ವರ್ಷ ಅವನು ಸಕ್ಕರೆ ನಿಯಂತ್ರಣ ತೆಗೆಸಲು ಹೋರಾಡಿ 'ಪೆಪ್ಸಿ-ಕೋಲಾ ಕಿಡ್' ಎಂಬ ಅಡ್ಡಹೆಸರು ಪಡೆದ. ವಸತಿ ವಿಷಯದ ಕಿರುಹೊತ್ತಗೆಗೆಂದು ಲಸ್ಟ್ರಾನ್ ಎಂಬ ಮನೆ ತಯಾರಿಸುವ ಕಂಪನಿಯಿಂದ 10,000 ಡಾಲರ್ ತೆಗೆದುಕೊಂಡ. 1949ರಲ್ಲಿ, ಮಾಲ್ಮೆಡಿಯಲ್ಲಿ ಅಮೆರಿಕದ ಯುದ್ಧಕೈದಿಗಳನ್ನು ಕೊಂದ ಎಸ್‌ಎಸ್ ಸೈನಿಕರ ವಿಚಾರಣೆ ಸರಿಯಾಗಿ ನಡೆದಿಲ್ಲವೆಂದು ಅಮೆರಿಕದ ಸೇನೆಯ ಮೇಲೆಯೇ ಹರಿಹಾಯ್ದ.

ಕಮ್ಯುನಿಸ್ಟ್ ಬೇಟೆಯ ಕಣದಲ್ಲಿ ಅವನಿಗಿಂತ ಮೊದಲೇ ಹಲವರಿದ್ದರು. ಮಾರ್ಟಿನ್ ಡೀಸ್ 1938ರಿಂದ, ಆಮೇಲೆ ಕಾರ್ಲ್ ಮುಂಡ್ಟ್, ನಿಕ್ಸನ್, ನೆವಾಡಾದ ಪ್ಯಾಟ್ ಮೆಕ್ಯಾರನ್. ಸರ್ಕಾರಿ ನೌಕರರ ನಿಷ್ಠೆಯನ್ನು ಪರೀಕ್ಷಿಸುವ ಆದೇಶಕ್ಕೆ 1947ರ ಮಾರ್ಚ್‌ನಲ್ಲಿ ಸಹಿ ಹಾಕಿದ್ದು ಡೆಮಾಕ್ರಟ್ ಅಧ್ಯಕ್ಷ ಟ್ರೂಮನ್. ಕಾಯ್ದೆ ಮಾಡಿದ ಲೆಕ್ಕದಲ್ಲಿ ಮೆಕ್ಯಾರನ್ ಇವನಿಗಿಂತ ಎಷ್ಟೋ ಪಟ್ಟು ದೊಡ್ಡವನು. ಮೆಕಾರ್ಥಿಯ ಹೆಸರಿನಲ್ಲಿ ಕಮ್ಯುನಿಸ್ಟರ ವಿರುದ್ಧದ ಒಂದು ಪ್ರಮುಖ ಕಾಯ್ದೆಯೂ ಇಲ್ಲ.

ವೀಲಿಂಗ್ ಭಾಷಣದಲ್ಲಿ ಅವನು ಹೇಳಿದ್ದು 205 ಅಂತಲೋ, 57 ಅಂತಲೋ?

1950ರ ಫೆಬ್ರವರಿ 9, ವೆಸ್ಟ್ ವರ್ಜೀನಿಯಾದ ವೀಲಿಂಗ್ ಪಟ್ಟಣ. ಒಹಾಯೊ ಕೌಂಟಿಯ ರಿಪಬ್ಲಿಕನ್ ಮಹಿಳಾ ಕ್ಲಬ್ಬಿನ ಲಿಂಕನ್ ದಿನಾಚರಣೆ. ವಿದೇಶಾಂಗ ಇಲಾಖೆಯಲ್ಲಿರುವ ಕಮ್ಯುನಿಸ್ಟರ ಪಟ್ಟಿ ತನ್ನ ಕೈಯಲ್ಲಿದೆ ಎಂದ. ಸ್ಥಳೀಯ ಪತ್ರಿಕೆಯಲ್ಲಿ ಬಂದ ಸಂಖ್ಯೆ 205. ಮೆಕಾರ್ಥಿ ಆಮೇಲೆ, ತಾನು ಹೇಳಿದ್ದು 57 ಎಂದು ವಾದಿಸಿದ. ರೇಡಿಯೊ ಕೇಂದ್ರದ ಧ್ವನಿಮುದ್ರಣ ಅಳಿಸಿಹೋಗಿತ್ತು. ಫೆಬ್ರವರಿ 20ರಂದು ಸೆನೆಟ್‌ನಲ್ಲಿ ಆರು ಗಂಟೆಯಷ್ಟು ಹೊತ್ತು ಮಾತಾಡಿದಾಗ ಸಂಖ್ಯೆ 81 ಆಗಿತ್ತು.

ಈ ಸಂಖ್ಯೆಗಳು ಗಾಳಿಯಿಂದ ಬಂದವಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. 1946ರಲ್ಲಿ ವಿದೇಶಾಂಗ ಕಾರ್ಯದರ್ಶಿ ಬರ್ನ್ಸ್ ಒಬ್ಬ ಸಂಸದನಿಗೆ ಪತ್ರ ಬರೆದಿದ್ದ: ಪರಿಶೀಲನೆಯಲ್ಲಿ 284 ಮಂದಿಯನ್ನು ಕಾಯಂ ಮಾಡಬಾರದೆಂದು ಶಿಫಾರಸು ಬಂದಿದೆ, 79 ಮಂದಿಯನ್ನು ತೆಗೆದಿದ್ದೇವೆ. 284ರಲ್ಲಿ 79 ಕಳೆದರೆ 205. ಅದು ಹೆಸರಿನ ಪಟ್ಟಿಯಲ್ಲ, ಕಳೆಯುವ ಲೆಕ್ಕ. ನಾಲ್ಕು ವರ್ಷ ಹಳೆಯದು. ಶಿಫಾರಸಿನ ಕಾರಣಗಳಲ್ಲಿ ಕಮ್ಯುನಿಸ್ಟ್ ಸಂಬಂಧವಲ್ಲದವೂ ಇದ್ದವು. 57 ಬಂದದ್ದು ಬೇರೆ ಕಡೆಯಿಂದ. ಪ್ರತಿನಿಧಿ ಸಭೆಯ ಧನವಿನಿಯೋಗ ಸಮಿತಿಯ ಸಿಬ್ಬಂದಿ ರಾಬರ್ಟ್ ಲೀ ಇಲಾಖೆಯ ಕಡತ ನೋಡಿ 108 ಪ್ರಕರಣಗಳ ಟಿಪ್ಪಣಿ ಮಾಡಿದ್ದ. 1948ರ ಹೊತ್ತಿಗೆ ಅವರಲ್ಲಿ 57 ಮಂದಿ ಇನ್ನೂ ಕೆಲಸದಲ್ಲಿದ್ದರು. ಟಿಪ್ಪಣಿಯಲ್ಲಿ 'ಎಡಪಂಥದ ಒಲವಿರಬಹುದು' ಎಂದಿದ್ದದ್ದು ಮೆಕಾರ್ಥಿಯ ಬಾಯಲ್ಲಿ 'ಕಮ್ಯುನಿಸ್ಟ್' ಆಯಿತು.

ಯಾರೋ ಒಬ್ಬ ಸೆನೆಟರ್ ಹೇಳಿದ್ದನ್ನು ಜನ ಅಷ್ಟು ಬೇಗ ನಂಬಿದ್ದೇಕೆ?

ಹಿಂದಿನ ಆರು ತಿಂಗಳನ್ನು ನೋಡಿ. 1949ರ ಆಗಸ್ಟ್‌ನಲ್ಲಿ ಸೋವಿಯತ್ ಅಣುಬಾಂಬ್. ಅಕ್ಟೋಬರ್‌ನಲ್ಲಿ ಚೀನಾ ಮಾವೋ ಕೈಗೆ. 1950ರ ಜನವರಿ 21ರಂದು ಹಿಸ್‌ಗೆ ಸುಳ್ಳುಸಾಕ್ಷ್ಯದ ಅಪರಾಧಿಯೆಂದು ತೀರ್ಪು. ಫೆಬ್ರವರಿ 2ರಂದು ಲಂಡನ್‌ನಲ್ಲಿ ಅಣುಬಾಂಬಿನ ಗುಟ್ಟು ಬಿಟ್ಟುಕೊಟ್ಟ ಕ್ಲೌಸ್ ಫುಕ್ಸ್‌ನ ಬಂಧನ. ಅದಾದ ಏಳನೇ ದಿನ ವೀಲಿಂಗ್. ಜೂನ್‌ನಲ್ಲಿ ಕೊರಿಯಾ ಯುದ್ಧವೇ ಶುರುವಾಯಿತು.

ಅವನ ಕೆಲಸದ ಬಗೆ

ಟೈಡಿಂಗ್ಸ್ ಸಮಿತಿ ಅವನ ಆರೋಪ ಸುಳ್ಳೆಂದು ಆಗಲೇ ಹೇಳಿತ್ತಲ್ಲ, ಅಲ್ಲಿಗೇ ಮುಗಿಯಲಿಲ್ಲವೇಕೆ?

ಮೇರಿಲ್ಯಾಂಡ್‌ನ ಮಿಲರ್ಡ್ ಟೈಡಿಂಗ್ಸ್ ನೇತೃತ್ವದ ಉಪಸಮಿತಿ 1950ರ ಮಾರ್ಚ್ 8ರಿಂದ ವಿಚಾರಣೆ ನಡೆಸಿ, ಜುಲೈನಲ್ಲಿ ಈ ಆರೋಪಗಳು ವಂಚನೆ ಎಂದು ವರದಿ ಕೊಟ್ಟಿತು. ಸಹಿ ಹಾಕಿದವರು ಮೂವರು ಡೆಮಾಕ್ರಟರು ಮಾತ್ರ. ಸದನದ ಮತವೂ ಪಕ್ಷದ ಗೆರೆಯಲ್ಲೇ ಸೀಳಿತು. ಹಾಗಾಗಿ ಅದು ತೀರ್ಪಿನಂತೆ ಕಾಣದೆ ಪಕ್ಷಜಗಳದಂತೆ ಕಂಡಿತು.

ಈ ವಿಚಾರಣೆಯಲ್ಲೇ ಮೆಕಾರ್ಥಿ ಚೀನಾ ತಜ್ಞ ಓವನ್ ಲ್ಯಾಟಿಮೋರ್‌ನನ್ನು ದೇಶದ ಅತಿದೊಡ್ಡ ಸೋವಿಯತ್ ಗೂಢಚಾರ ಎಂದದ್ದು. ಆ ಮಾತು ಬಂದಾಗ ಲ್ಯಾಟಿಮೋರ್ ವಿಶ್ವಸಂಸ್ಥೆಯ ಕೆಲಸದ ಮೇಲೆ ಅಫ್ಘಾನಿಸ್ತಾನದಲ್ಲಿದ್ದ. ಮುಂದೆ ಮೆಕ್ಯಾರನ್ ಸಮಿತಿ ಅವನ ಬೆನ್ನು ಹತ್ತಿತು. 1952ರಲ್ಲಿ ಸುಳ್ಳುಸಾಕ್ಷ್ಯದ ಆರೋಪಪಟ್ಟಿ, 1955ರಲ್ಲಿ ಎಲ್ಲವೂ ವಜಾ. ಟೈಡಿಂಗ್ಸ್ ಅದೇ ನವೆಂಬರ್‌ನಲ್ಲಿ ಚುನಾವಣೆ ಸೋತ. ಎದುರಾಳಿಯ ಪರವಾಗಿ ಹಂಚಿದ ಕರಪತ್ರದಲ್ಲಿ ಅವನು ಕಮ್ಯುನಿಸ್ಟ್ ನಾಯಕ ಅರ್ಲ್ ಬ್ರೌಡರ್ ಜೊತೆ ನಿಂತಂತೆ ಎರಡು ಫೋಟೊ ಅಂಟಿಸಿ ಮಾಡಿದ ಚಿತ್ರವಿತ್ತು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಉಳಿದ ಸೆನೆಟರ್‌ಗಳು ಕಲಿತ ಪಾಠ ಒಂದೇ: ಇವನ ತಂಟೆಗೆ ಹೋಗಬಾರದು.

ಪತ್ರಿಕೆಗಳಿಗೆ ಸುಳ್ಳೆಂದು ಗೊತ್ತಿದ್ದೂ ಅಚ್ಚು ಹಾಕಿದವೇ?

ಗೊತ್ತಿದ್ದ ವರದಿಗಾರರು ಬಹಳ ಮಂದಿ ಇದ್ದರು. ತೊಡಕು ಅಂದಿನ ವರದಿಗಾರಿಕೆಯ ನಿಯಮದಲ್ಲಿತ್ತು: ಸೆನೆಟರ್ ಹೇಳಿದ ಎಂಬುದೇ ಸುದ್ದಿ, ಹೇಳಿದ್ದು ನಿಜವೇ ಎಂಬುದು ಸಂಪಾದಕೀಯ ಪುಟದ ಕೆಲಸ. ಸುದ್ದಿಸಂಸ್ಥೆಗಳು ಆಗ ಮೂರು, ಅವುಗಳ ನಡುವೆ ನಿಮಿಷಗಳ ಪೈಪೋಟಿ. ಮೆಕಾರ್ಥಿಗೆ ಪುಟ ಕಟ್ಟುವ ವೇಳೆ ಬಾಯಿಪಾಠವಾಗಿತ್ತು. ಗಡುವಿಗೆ ಸ್ವಲ್ಪ ಮುಂಚೆ ಆರೋಪ ಮಾಡುತ್ತಿದ್ದ. ಎದುರು ಕಡೆಯವನನ್ನು ಹುಡುಕಿ ಪ್ರತಿಕ್ರಿಯೆ ಪಡೆಯುವಷ್ಟರಲ್ಲಿ ಪತ್ರಿಕೆ ಅಚ್ಚಾಗಿರುತ್ತಿತ್ತು. ಬೆಳಿಗ್ಗೆ ಪತ್ರಿಕಾಗೋಷ್ಠಿ ಕರೆದು, ಮಧ್ಯಾಹ್ನ ಇನ್ನೊಂದು ಗೋಷ್ಠಿ ಇದೆ ಎಂದು ಹೇಳಿ ಕಳಿಸಿದರೂ ಸಂಜೆ ಪತ್ರಿಕೆಗೆ ಒಂದು ತಲೆಬರಹ ಸಿಕ್ಕಿತು. ನಿರಾಕರಣೆ ಮಾರನೇ ದಿನ ಒಳಪುಟದಲ್ಲಿ ಬರುತ್ತಿತ್ತು, ಅಷ್ಟರಲ್ಲಿ ಅವನು ಮತ್ತೊಂದು ಹೆಸರಿಗೆ ಹಾರಿರುತ್ತಿದ್ದ.

ಹೆಸರು ಕೆಟ್ಟವರು ಮಾನನಷ್ಟ ಮೊಕದ್ದಮೆ ಹಾಕಬಹುದಿತ್ತಲ್ಲ?

ಸದನದಲ್ಲಿ ಆಡಿದ ಮಾತಿಗೆ ಹಾಕುವಂತಿಲ್ಲ. ನಮ್ಮ ಸಂವಿಧಾನದ 105ನೇ ವಿಧಿ ಸಂಸದರಿಗೆ ಕೊಡುವ ರಕ್ಷಣೆಯನ್ನೇ ಅಮೆರಿಕ ಸಂವಿಧಾನದ ಮೊದಲ ವಿಧಿಯ ಆರನೇ ಖಂಡ ಕೊಡುತ್ತದೆ. ಸಮಿತಿಯ ಕಲಾಪಕ್ಕೂ ಅದು ಅನ್ವಯ. ಆದ್ದರಿಂದ ಹೊರಗೆ ಹೇಳುವಾಗ ಮಾತು ಸಡಿಲ, ಹೆಸರು ಹೇಳುವಾಗ ಸದನದ ಒಳಗೆ, ಎಂಬುದು ಅವನ ಲೆಕ್ಕಾಚಾರ. ಸದನದಲ್ಲಿ ಹೇಳಿದ್ದನ್ನು ಹೊರಗೆ ಬಂದು ಹೇಳಿ ಎಂದು ಎದುರಾಳಿಗಳು ಸವಾಲು ಹಾಕುತ್ತಿದ್ದದ್ದು ಇದೇ ಕಾರಣಕ್ಕೆ.

1953ರಲ್ಲಿ ಅವನ ಉಪಸಮಿತಿಯ ಮುಂದೆ ಸಾಕ್ಷಿಗೆ ಕರೆ ಬಂದರೆ ಏನೇನು ನಡೆಯುತ್ತಿತ್ತು? ಹಂತ ಹಂತವಾಗಿ ಹೇಳಿ.

ಹೆಸರು: ಸೆನೆಟ್‌ನ ಸರ್ಕಾರಿ ಕಾರ್ಯಾಚರಣೆ ಸಮಿತಿಯ ಕಾಯಂ ತನಿಖಾ ಉಪಸಮಿತಿ. ಖರ್ಚು-ವೆಚ್ಚದ ಸೋರಿಕೆ ನೋಡಲೆಂದು ಇದ್ದದ್ದು. 1952ರಲ್ಲಿ ರಿಪಬ್ಲಿಕನ್ನರಿಗೆ ಬಹುಮತ ಬಂದಾಗ, ಇಲ್ಲಿ ಕೂರಿಸಿದರೆ ಮೆಕಾರ್ಥಿ ತಣ್ಣಗಿರುತ್ತಾನೆ ಎಂದು ಪಕ್ಷದ ಹಿರಿಯರು ಎಣಿಸಿದ್ದರು.

ಮೊದಲು ಸಮನ್ಸ್, ಎಷ್ಟೋ ಬಾರಿ ಒಂದೇ ದಿನದ ಅವಧಿಯಲ್ಲಿ. ಎರಡನೆಯದು ಮುಚ್ಚಿದ ಬಾಗಿಲಿನ ವಿಚಾರಣೆ. ವಕೀಲ ಪಕ್ಕದಲ್ಲಿ ಕೂತು ಪಿಸುಗುಟ್ಟಬಹುದು, ಆದರೆ ಆರೋಪ ಮಾಡಿದವನನ್ನು ಪಾಟೀಸವಾಲು ಮಾಡುವಂತಿಲ್ಲ. ಪೀಠದಲ್ಲಿ ಹಲವು ಸಲ ಮೆಕಾರ್ಥಿ ಒಬ್ಬನೇ. ಮೂರನೆಯದೇ ಕುತ್ತು: ಕಲಾಪ ಗುಟ್ಟಾದ್ದು, ಆದರೆ ಅಧ್ಯಕ್ಷ ಹೊರಗೆ ಬಂದು ಒಳಗೆ ನಡೆದದ್ದನ್ನು ತನ್ನ ಮಾತಿನಲ್ಲಿ ವರದಿಗಾರರಿಗೆ ಹೇಳುತ್ತಿದ್ದ. ಅಲ್ಲಗಳೆಯಲು ಲಿಖಿತ ದಾಖಲೆ ಯಾರ ಕೈಯಲ್ಲೂ ಇರುತ್ತಿರಲಿಲ್ಲ. ಆಮೇಲೆ, ಬೇಕೆನಿಸಿದವರಿಗೆ ಮಾತ್ರ ಬಹಿರಂಗ ವಿಚಾರಣೆ. ಕೊನೆಯ ಹೊಡೆತ ಸಮಿತಿ ಕೊಡುತ್ತಿರಲಿಲ್ಲ. ಕೆಲಸ ಕೊಟ್ಟ ಇಲಾಖೆ, ಕಾಲೇಜು, ಕಾರ್ಖಾನೆ ಕೊಡುತ್ತಿತ್ತು. ಸಮಿತಿಗೆ ಯಾರನ್ನೂ ಜೈಲಿಗೆ ಹಾಕುವ ಅಧಿಕಾರವಿಲ್ಲ. ಉತ್ತರ ಕೊಡದವನ ಮೇಲೆ ನಿಂದನೆಯ ಕ್ರಮವಾಗಬೇಕಾದರೆ ಇಡೀ ಸೆನೆಟ್ ಮತ ಹಾಕಿ, ಮೊಕದ್ದಮೆ ನ್ಯಾಯಾಲಯಕ್ಕೆ ಹೋಗಬೇಕು. ಆಗಿನ ಗರಿಷ್ಠ ಶಿಕ್ಷೆ ಒಂದು ವರ್ಷ ಸಜೆ, 1,000 ಡಾಲರ್ ದಂಡ.

ತಪ್ಪು ಮಾಡದವರು ಐದನೇ ತಿದ್ದುಪಡಿಯ ಹಿಂದೆ ಅಡಗಿದ್ದೇಕೆ?

ಐದನೇ ತಿದ್ದುಪಡಿ ಎಂದರೆ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ ಎಂಬ ಹಕ್ಕು, ನಮ್ಮಲ್ಲಿ 20(3)ನೇ ವಿಧಿ. ಗಂಟು ಇರುವುದು 1951ರ ರೋಜರ್ಸ್ ಮೊಕದ್ದಮೆಯಲ್ಲಿ. 'ನಾನು ಹಿಂದೆ ಪಕ್ಷದಲ್ಲಿದ್ದೆ' ಎಂದು ಒಮ್ಮೆ ಒಪ್ಪಿಕೊಂಡವಳು 'ಜೊತೆಗೆ ಯಾರಿದ್ದರು' ಎಂಬ ಪ್ರಶ್ನೆಗೆ ಆ ಹಕ್ಕು ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ತನ್ನ ವಿಷಯ ಹೇಳಿ ಗೆಳೆಯರ ಹೆಸರು ಹೇಳದೆ ಉಳಿಯುವ ದಾರಿ ಹೀಗೆ ಮುಚ್ಚಿತು. ಗೆಳೆಯರನ್ನು ಹಿಡಿದುಕೊಡಲು ಒಲ್ಲದವನು ಮೊದಲ ಪ್ರಶ್ನೆಗೇ ಬಾಯಿ ಮುಚ್ಚಬೇಕಾಯಿತು. ಹಾಗೆ ಮುಚ್ಚಿದವನನ್ನು ಮೆಕಾರ್ಥಿ 'ಐದನೇ ತಿದ್ದುಪಡಿ ಕಮ್ಯುನಿಸ್ಟ್' ಎಂದು ಕರೆದ.

ರಾಬರ್ಟ್ ಕೆನಡಿ ಇವನ ಕೈಕೆಳಗೆ ಕೆಲಸ ಮಾಡಿದ್ದು ನಿಜವೇ?

ನಿಜ. 1953ರ ಜನವರಿಯಿಂದ ಜುಲೈವರೆಗೆ ಸಹಾಯಕ ವಕೀಲನಾಗಿ. ಮುಖ್ಯ ವಕೀಲ ರಾಯ್ ಕೋನ್ ಜೊತೆ ಹೊಂದಿಕೆಯಾಗದೆ ಬಿಟ್ಟು, 1954ರ ಫೆಬ್ರವರಿಯಲ್ಲಿ ಅದೇ ಉಪಸಮಿತಿಗೆ ಡೆಮಾಕ್ರಟರ ವಕೀಲನಾಗಿ ಮರಳಿದ.

ಬಿದ್ದದ್ದು ಹೇಗೆ

ಸೇನೆಯ ಜೊತೆ ಜಗಳ ಶುರುವಾದದ್ದು ಯಾತಕ್ಕೆ?

ಮೂರು ಎಳೆ ಒಂದಾದವು. 1953ರ ಶರತ್ಕಾಲದಲ್ಲಿ ನ್ಯೂಜೆರ್ಸಿಯ ಫೋರ್ಟ್ ಮಾನ್ಮತ್ ಸಿಗ್ನಲ್ ಪಡೆಯ ಪ್ರಯೋಗಾಲಯದಲ್ಲಿ ಗೂಢಚಾರರಿದ್ದಾರೆಂದು ತನಿಖೆ; ಹಲವರು ಅಮಾನತಾದರು, ಗೂಢಚಾರಿಕೆಗೆ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಎರಡು, ಇರ್ವಿಂಗ್ ಪೆರೆಸ್ ಎಂಬ ಸೇನಾ ದಂತವೈದ್ಯ. ನಿಷ್ಠೆಯ ಅರ್ಜಿಯ ಪ್ರಶ್ನೆಗಳಿಗೆ ಉತ್ತರಿಸದಿದ್ದರೂ ಅವನಿಗೆ ಮೇಜರ್ ಬಡ್ತಿ ಸಿಕ್ಕಿತ್ತು, 1954ರ ಫೆಬ್ರವರಿ 2ರಂದು ಗೌರವದ ಬಿಡುಗಡೆಯೂ ಸಿಕ್ಕಿತು. ಇದು ಗೂಢಚಾರಿಕೆಯಲ್ಲ, ಕಚೇರಿಯ ಎಡವಟ್ಟು. ಅದನ್ನು ಕೇಳುವ ನೆಪದಲ್ಲಿ ಮೆಕಾರ್ಥಿ ಫೆಬ್ರವರಿ 18ರಂದು ಯುದ್ಧದಲ್ಲಿ ಪದಕ ಪಡೆದ ಬ್ರಿಗೇಡಿಯರ್ ಜನರಲ್ ರಾಲ್ಫ್ ಜ್ವಿಕರ್‌ನಿಗೆ, ಆ ಸಮವಸ್ತ್ರ ತೊಡಲು ನೀನು ಯೋಗ್ಯನಲ್ಲ ಎಂಬಂತೆ ಮಾತಾಡಿದ.

ಮೂರನೆಯದು ಡೇವಿಡ್ ಶೈನ್. ಕೋನ್‌ನ ಗೆಳೆಯ, ಸಮಿತಿಯ ಸಂಬಳವಿಲ್ಲದ ಸಲಹೆಗಾರ. ನವೆಂಬರ್‌ನಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇನೆಗೆ ಹೋದ. ಅವನಿಗೆ ರಜೆ ಕೊಡಿ, ಅಡುಗೆಮನೆ ಪಾಳಿ ಬೇಡ, ಅಧಿಕಾರಿ ಮಾಡಿ ಎಂದು ಕೋನ್ ಸೇನೆಯ ಮೇಲೆ ಒತ್ತಡ ತಂದ. ಈ ಫೋನ್ ಕರೆಗಳನ್ನೆಲ್ಲ ದಿನಾಂಕ ಸಮೇತ ಬರೆದಿಟ್ಟ ಸೇನೆ, 1954ರ ಮಾರ್ಚ್‌ನಲ್ಲಿ ಅದನ್ನು ಹೊರಗೆ ಬಿಟ್ಟಿತು. ಎಲ್ಲರ ಸಂಖ್ಯೆಗಳ ಜೊತೆ ಆಡಿದವನ ಸಮಿತಿಗೆ ಕೊನೆಗೆ ಮುಳುವಾದದ್ದು ಒಂದು ಸರಿಯಾದ ಪಟ್ಟಿ.

ಪತ್ರಕರ್ತ ಎಡ್ವರ್ಡ್ ಮರ್ರೊನ ಟಿವಿ ಕಾರ್ಯಕ್ರಮವೇ ಅವನನ್ನು ಉರುಳಿಸಿತು ಅಂತಾರಲ್ಲ?

ಮಾಧ್ಯಮದವರಿಗೆ ಈ ಕಥೆ ಇಷ್ಟ, ಆದರೆ ಕಾಲಾನುಕ್ರಮ ನೋಡಿ. ಕಾರ್ಯಕ್ರಮ ಪ್ರಸಾರವಾದದ್ದು 1954ರ ಮಾರ್ಚ್ 9. ಜ್ವಿಕರ್ ಪ್ರಕರಣ ಅದಕ್ಕೂ ಮೊದಲಿನದು. ವರ್ಮಾಂಟ್‌ನ ರಿಪಬ್ಲಿಕನ್ ರಾಲ್ಫ್ ಫ್ಲಾಂಡರ್ಸ್ ಸದನದಲ್ಲಿ ಮೆಕಾರ್ಥಿಯನ್ನು ಝಾಡಿಸಿದ್ದು ಅದೇ ದಿನ. ನಾಲ್ಕು ವರ್ಷ ಮುಂಚೆಯೇ, 1950ರ ಜೂನ್ 1ರಂದು, ಮೇನ್ ರಾಜ್ಯದ ಸೆನೆಟರ್ ಮಾರ್ಗರೆಟ್ ಚೇಸ್ ಸ್ಮಿತ್ ಅವರು ಅವನದೇ ಪಕ್ಷದವರಾಗಿ ಆಕ್ಷೇಪ ಓದಿದ್ದರು. ಜೊತೆಗೆ ಸಹಿ ಹಾಕಿದವರು ಆರೇ ಮಂದಿ. ಮರ್ರೊನ ಧೈರ್ಯ ಸಣ್ಣದಲ್ಲ: ಕಾರ್ಯಕ್ರಮದ ಜಾಹೀರಾತಿಗೆ ಟಿವಿ ಸಂಸ್ಥೆ ದುಡ್ಡು ಕೊಡದಿದ್ದಾಗ ಅವನೂ ನಿರ್ಮಾಪಕನೂ ಸ್ವಂತ ಜೇಬಿನಿಂದ ಹಾಕಿದರು. ಆದರೆ ಮರ ಆಗಲೇ ಅಲುಗಾಡುತ್ತಿತ್ತು.

ವೆಲ್ಚ್ 'ನಿನಗೆ ಮಾನ ಮರ್ಯಾದೆ ಇಲ್ಲವೇ' ಎಂದು ಕೇಳಿದ ಸಂದರ್ಭ ಯಾವುದು?

ಸೇನೆ-ಮೆಕಾರ್ಥಿ ವಿಚಾರಣೆ ಏಪ್ರಿಲ್ 22ರಿಂದ ಜೂನ್ 17ರವರೆಗೆ ನಡೆಯಿತು, ಟಿವಿಯಲ್ಲಿ ನೇರ ಪ್ರಸಾರ 188 ಗಂಟೆ. ಮೆಕಾರ್ಥಿ ಕುರ್ಚಿಯನ್ನು ಮುಂಡ್ಟ್‌ಗೆ ಬಿಟ್ಟು ತಾನೇ ಕಕ್ಷಿಗಾರನಾಗಿದ್ದ. ಸೇನೆಯ ಪರ ಬಾಸ್ಟನ್‌ನ ವಕೀಲ ಜೋಸೆಫ್ ವೆಲ್ಚ್. ಮೆಕಾರ್ಥಿಯ ಕಡೆಯವರು ಸೇನಾ ಕಾರ್ಯದರ್ಶಿ ಸ್ಟೀವನ್ಸ್ ಮತ್ತು ಶೈನ್ ಇಬ್ಬರೇ ಆಪ್ತವಾಗಿ ನಿಂತಂತೆ ಕಾಣುವ ಫೋಟೊ ಮುಂದಿಟ್ಟರು. ಮೂಲದಲ್ಲಿದ್ದ ಮತ್ತೊಬ್ಬನನ್ನು ಕತ್ತರಿಸಿದ್ದು ಮರುದಿನ ಬಯಲಾಯಿತು. ಎಫ್‌ಬಿಐ ಪತ್ರವೆಂದು ಕೊಟ್ಟ ಎರಡೂಕಾಲು ಪುಟದ ಕಾಗದ, 15 ಪುಟದ ಟಿಪ್ಪಣಿಯೊಂದನ್ನು ಕುಗ್ಗಿಸಿ ಪತ್ರದಂತೆ ಟೈಪಿಸಿದ್ದಾಗಿತ್ತು.

ಜೂನ್ 9ರಂದು ವೆಲ್ಚ್ ಕೋನ್‌ನನ್ನು ಕೆಣಕುತ್ತಿದ್ದಾಗ ಮೆಕಾರ್ಥಿ ನಡುವೆ ಬಾಯಿ ಹಾಕಿ, ವೆಲ್ಚ್‌ನ ಕಚೇರಿಯ ಕಿರಿಯ ವಕೀಲ ಫ್ರೆಡ್ ಫಿಶರ್ ಹಿಂದೆ ಎಡಪಂಥೀಯ ವಕೀಲರ ಸಂಘದಲ್ಲಿದ್ದ ಎಂದ. ಇದನ್ನು ಎತ್ತುವುದಿಲ್ಲ ಎಂದು ಕೋನ್ ಜೊತೆ ಮೊದಲೇ ಮಾತಾಗಿತ್ತು. ಕೋನ್ ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದ. ಫಿಶರ್ ವಿಷಯ ಏಪ್ರಿಲ್‌ನಲ್ಲೇ ಪತ್ರಿಕೆಯಲ್ಲಿ ಬಂದಿತ್ತು, ಆದ್ದರಿಂದ ವೆಲ್ಚ್‌ಗೆ ಅದು ಅನಿರೀಕ್ಷಿತವಲ್ಲ ಎಂಬುದೂ ನೆನಪಿರಲಿ. ಆದರೆ ಟಿವಿ ನೋಡುತ್ತಿದ್ದವರಿಗೆ ಕಂಡದ್ದು ಗೈರುಹಾಜರಿದ್ದ ಒಬ್ಬ ಹುಡುಗನ ಮೇಲೆ ಬಿದ್ದ ಏಟು. ಗ್ಯಾಲಪ್ ಸಮೀಕ್ಷೆಯಲ್ಲಿ ಜನವರಿಯಲ್ಲಿ ಶೇ 50ರಷ್ಟಿದ್ದ ಒಲವು ಜೂನ್‌ಗೆ ಶೇ 34ಕ್ಕೆ ಇಳಿಯಿತು. ಶೇ 34 ಎಂದರೆ ಇನ್ನೂ ಮೂವರಲ್ಲಿ ಒಬ್ಬ.

ಸೆನೆಟ್ ಅವನನ್ನು ವಜಾ ಮಾಡಿತೇ? 'ವಾಗ್ದಂಡನೆ', 'ಖಂಡನೆ' ಎರಡೂ ಓದಿದ್ದೇನೆ, ಯಾವುದು ಸರಿ?

ವಜಾ ಮಾಡಲಿಲ್ಲ, ಸದಸ್ಯತ್ವ, ಸಂಬಳ, ಮತ ಎಲ್ಲ ಉಳಿಯಿತು. ಯೂಟಾದ ಆರ್ಥರ್ ವಾಟ್ಕಿನ್ಸ್ ಅಧ್ಯಕ್ಷತೆಯ ಆರು ಮಂದಿಯ ಸಮಿತಿ, ಎರಡೂ ಪಕ್ಷದಿಂದ ಸಮಸಮ, 46 ಆರೋಪಗಳನ್ನು ಸೋಸಿ ಎರಡನ್ನು ಉಳಿಸಿತು. 1954ರ ಡಿಸೆಂಬರ್ 2ರಂದು 67-22 ಮತದಲ್ಲಿ ನಿರ್ಣಯ ಅಂಗೀಕಾರ. ಮತ ಹಾಕಿದ 44 ಡೆಮಾಕ್ರಟರೆಲ್ಲ ಪರ, ಪಕ್ಷೇತರ ವೇಯ್ನ್ ಮೋರ್ಸ್ ಪರ, ರಿಪಬ್ಲಿಕನ್ನರು 22-22 ಸರಿಯಾಗಿ ಎರಡು ಹೋಳು.

ನಿರ್ಣಯದ ಒಡಲಲ್ಲಿರುವ ಪದ 'ಖಂಡನೆ'. ಶೀರ್ಷಿಕೆಯಲ್ಲಿದ್ದ 'ವಾಗ್ದಂಡನೆ'ಯನ್ನು ಸಭಾಪತಿಯಾಗಿದ್ದ ಉಪಾಧ್ಯಕ್ಷ ನಿಕ್ಸನ್ ಹೊಡೆದುಹಾಕಿದ. ಸೆನೆಟ್ ತನ್ನ ಇತಿಹಾಸದಲ್ಲಿ ಇದನ್ನು ವಾಗ್ದಂಡನೆ ಎಂದೇ ಎಣಿಸುತ್ತದೆ. ಯಾತಕ್ಕಾಗಿ ಖಂಡನೆ ಎಂಬುದು ಮುಖ್ಯ: 1951-52ರಲ್ಲಿ ತನ್ನ ಹಣಕಾಸಿನ ತನಿಖೆಗೆ ಸಹಕರಿಸದ್ದಕ್ಕೆ, ವಾಟ್ಕಿನ್ಸ್ ಸಮಿತಿಯನ್ನು ಬೈದದ್ದಕ್ಕೆ. ಜ್ವಿಕರ್‌ನನ್ನು ಅವಮಾನಿಸಿದ ಆರೋಪ ಕೊನೆ ಗಳಿಗೆಯಲ್ಲಿ ಬಿದ್ದುಹೋಯಿತು. ಕೆಲಸ ಕಳೆದುಕೊಂಡ ಜನಸಾಮಾನ್ಯರ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಸದನ ಕಾಪಾಡಿಕೊಂಡದ್ದು ಸದನದ ಮಾನವನ್ನು.

ಸಾವು ಹೇಗಾಯಿತು?

1957ರ ಮೇ 2, ಬೆಥೆಸ್ಡಾ ನೌಕಾ ಆಸ್ಪತ್ರೆ, ವಯಸ್ಸು 48. ಕಾರಣ ತೀವ್ರ ಯಕೃತ್ತಿನ ಉರಿಯೂತ ಎಂದು ಪ್ರಕಟಣೆ. ಕುಡಿತ ಮಿತಿಮೀರಿತ್ತು. ಸಮಾಧಿ ಆ್ಯಪಲ್ಟನ್‌ನಲ್ಲಿದೆ. ಆ ಆಗಸ್ಟ್‌ನ ಉಪಚುನಾವಣೆಯಲ್ಲಿ ಡೆಮಾಕ್ರಟ್ ವಿಲಿಯಂ ಪ್ರಾಕ್ಸ್‌ಮೈರ್ ಗೆದ್ದ.

ಇನ್ನೂ ಒಳಗೆ ಹೋದರೆ

ವೆನೋನಾ ದಾಖಲೆ ಬಂದ ಮೇಲೆ ಮೆಕಾರ್ಥಿ ಹೇಳಿದ್ದು ಸರಿ ಎಂದಾಯಿತಲ್ಲ?

ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ. ಅಮೆರಿಕ ಸರ್ಕಾರದೊಳಗೆ ಸೋವಿಯತ್ ಗೂಢಚಾರರಿದ್ದರೇ? ಇದ್ದರು. 1943ರಲ್ಲಿ ಆರಂಭವಾಗಿ 1995ರಲ್ಲಿ ಬಹಿರಂಗವಾದ, ಸೋವಿಯತ್ ತಂತಿ ಸಂದೇಶಗಳನ್ನು ಬಿಡಿಸಿದ ವೆನೋನಾ ಕಾರ್ಯಾಚರಣೆ ಅದನ್ನು ತೋರಿಸಿತು. ಮೆಕಾರ್ಥಿ ಅವರನ್ನು ಹಿಡಿದನೇ? ಇಲ್ಲ. ಮುಖ್ಯ ಗೂಢಚಾರರಲ್ಲಿ ಬಹುತೇಕರು 1940ರ ದಶಕ ಮುಗಿಯುವ ಮುನ್ನವೇ ಸರ್ಕಾರದಿಂದ ಹೊರಬಿದ್ದಿದ್ದರು. ವೆನೋನಾ ಬಗ್ಗೆ ಬರೆದ, ಕಮ್ಯುನಿಸ್ಟರ ಕಡೆ ಯಾವ ಮೃದು ಭಾವವೂ ಇಲ್ಲದ ಇತಿಹಾಸಕಾರ ಜಾನ್ ಅರ್ಲ್ ಹೇನ್ಸ್, ಮೆಕಾರ್ಥಿ ಬಳಸಿದ ಪಟ್ಟಿಗಳ 159 ಹೆಸರುಗಳನ್ನು ತಾಳೆ ನೋಡಿದಾಗ ಗೂಢಚಾರಿಕೆಗೆ ನೆರವಾದ ಗಟ್ಟಿ ಪುರಾವೆ ಸಿಕ್ಕಿದ್ದು ಒಂಬತ್ತು ಮಂದಿಯ ಮೇಲೆ. ಸೊನ್ನೆ ಎನ್ನುವವರೂ ತಪ್ಪು, ಅವನದೇ ಸರಿ ಎನ್ನುವವರೂ ತಪ್ಪು.

ಐಸೆನ್‌ಹೋವರ್ ಸುಮ್ಮನಿದ್ದದ್ದು ಹೇಡಿತನವೋ, ತಂತ್ರವೋ?

ಎರಡೂ, ಬೇರೆಬೇರೆ ವರ್ಷದಲ್ಲಿ. 1951ರ ಜೂನ್ 14ರಂದು ಮೆಕಾರ್ಥಿ ಜನರಲ್ ಜಾರ್ಜ್ ಮಾರ್ಷಲ್‌ನನ್ನೇ ಸಂಚುಗಾರನೆಂದು ಜರೆದಿದ್ದ. ಮಾರ್ಷಲ್ ಐಸೆನ್‌ಹೋವರ್‌ನನ್ನು ಮೇಲೆ ತಂದ ಗುರು. ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿದ್ದ ಐಸೆನ್‌ಹೋವರ್‌ನ 1952ರ ಅಕ್ಟೋಬರ್ 3ರ ಮಿಲ್ವಾಕಿ ಭಾಷಣದ ಕರಡಿನಲ್ಲಿ ಮಾರ್ಷಲ್‌ನನ್ನು ಸಮರ್ಥಿಸುವ ಪ್ಯಾರಾ ಇತ್ತು. ವಿಸ್ಕಾನ್ಸಿನ್ ಮತಗಳಿಗಾಗಿ ಕೊನೆಗೆ ಕೈಬಿಟ್ಟ. ಇದನ್ನು ಹೇಡಿತನ ಎನ್ನದೆ ವಿಧಿಯಿಲ್ಲ. 1954ರ ಮೇ 17ರದು ತಂತ್ರ: ಆಡಳಿತದೊಳಗಿನ ಮಾತುಕತೆಯ ಬಗ್ಗೆ ಯಾವ ಅಧಿಕಾರಿಯೂ ಸಮಿತಿ ಮುಂದೆ ಸಾಕ್ಷಿ ಹೇಳಬಾರದು ಎಂದು ರಕ್ಷಣಾ ಕಾರ್ಯದರ್ಶಿಗೆ ಪತ್ರ ಬರೆದ. ಮೆಕಾರ್ಥಿಯ ಕೈಗೆ ಮೇವು ನಿಂತಿತು. ಅಧ್ಯಕ್ಷರು ದಾಖಲೆ ಮುಚ್ಚಿಡಲು ಮುಂದೆ ನೆಚ್ಚಿಕೊಂಡ ಪೂರ್ವನಿದರ್ಶನಗಳಲ್ಲಿ ಅದೂ ಒಂದಾಯಿತು.

ಜಾನ್ ಕೆನಡಿ ಖಂಡನೆಗೆ ಮತ ಹಾಕಲಿಲ್ಲವಂತೆ?

ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ನ್ಯೂಯಾರ್ಕ್ ಆಸ್ಪತ್ರೆಯಲ್ಲಿದ್ದದ್ದು ನಿಜ. ಆದರೆ ಗೈರಾದವರು ತಮ್ಮ ನಿಲುವನ್ನು ದಾಖಲಿಸುವ ಪದ್ಧತಿ ಸೆನೆಟ್‌ನಲ್ಲಿದೆ. ಅದನ್ನು ಅವನು ಬಳಸಲಿಲ್ಲ. ತಂದೆ ಮೆಕಾರ್ಥಿಯ ಗೆಳೆಯ, ಮ್ಯಾಸಚುಸೆಟ್ಸ್‌ನ ಐರಿಷ್ ಕ್ಯಾಥೊಲಿಕ್ ಮತದಾರರೂ ಮೆಕಾರ್ಥಿಯ ಕಡೆ.

'ಮೆಕಾರ್ಥಿವಾದ' ಎಂಬ ಪದ ಯಾರದು? ನಮ್ಮ ಪತ್ರಿಕೆಗಳು ಬಳಸುವುದು ಸರಿಯೇ?

ವಾಷಿಂಗ್ಟನ್ ಪೋಸ್ಟ್‌ನ ವ್ಯಂಗ್ಯಚಿತ್ರಕಾರ ಹರ್ಬ್ಲಾಕ್ 1950ರ ಮಾರ್ಚ್ 29ರ ಚಿತ್ರದಲ್ಲಿ ಬರೆದದ್ದರಿಂದ ಹಬ್ಬಿತು. ಭಾರತದ ಪತ್ರಿಕೆಗಳಲ್ಲಿ ಎಡದವರೂ ಬಲದವರೂ ಪರಸ್ಪರ ಎಸೆದುಕೊಳ್ಳುವ ಪದವಾಗಿದೆ. ಬಿಗಿಯಾಗಿ ಬಳಸುವುದಾದರೆ ಮೂರು ಅಂಶ ಕೂಡಿರಬೇಕು: ಪುರಾವೆಯಿಲ್ಲದ ಬಹಿರಂಗ ಆರೋಪ, ಆರೋಪಿಸಿದವನಿಗೆ ಅಧಿಕಾರದ ರಕ್ಷಣೆ, ಶಿಕ್ಷೆ ನ್ಯಾಯಾಲಯದ ಬದಲು ಉದ್ಯೋಗದಾತನ ಕೈಯಿಂದ. ಬರೀ ಕಟುಟೀಕೆಗೆ ಈ ಹೆಸರು ಹೊಂದುವುದಿಲ್ಲ.

ಮೂಲ ದಾಖಲೆ ಓದಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

1953-54ರ ಮುಚ್ಚಿದ ಬಾಗಿಲಿನ ವಿಚಾರಣೆಗಳನ್ನು ಐವತ್ತು ವರ್ಷದ ನಂತರ, 2003ರಲ್ಲಿ, ಸೆನೆಟ್ ಐದು ಸಂಪುಟಗಳಲ್ಲಿ ಹೊರತಂದಿತು. ಅಂತರ್ಜಾಲದಲ್ಲಿ ಉಚಿತ. ಮೊದಲ ಪುಟದಿಂದ ಓದಲು ಹೋದರೆ ಸುಸ್ತಾಗುತ್ತದೆ. ಒಬ್ಬ ಸಾಕ್ಷಿಯನ್ನು ಆರಿಸಿಕೊಳ್ಳಿ. ಪ್ರತಿ ಕಲಾಪದ ಆರಂಭದಲ್ಲಿ ಹಾಜರಿದ್ದವರ ಹೆಸರಿರುತ್ತದೆ. ಸೆನೆಟರ್‌ಗಳು ಎಷ್ಟು ಮಂದಿ ಎಂದು ಎಣಿಸಿ. 1953ರ ಜುಲೈನಿಂದ 1954ರ ಜನವರಿವರೆಗೆ ಡೆಮಾಕ್ರಟರು ಉಪಸಮಿತಿಯಿಂದ ಹೊರನಡೆದಿದ್ದರು, ಆ ತಿಂಗಳುಗಳಲ್ಲಿ ಕುರ್ಚಿಗಳು ಖಾಲಿ. ಆಮೇಲೆ ಅದೇ ಸಾಕ್ಷಿಯ ಬಹಿರಂಗ ವಿಚಾರಣೆ ಇದೆಯೇ ಹುಡುಕಿ. ಮುಚ್ಚಿದ ಕೋಣೆಯಲ್ಲಿ ನೆಟ್ಟಗೆ ಉತ್ತರ ಕೊಟ್ಟು ಅಧ್ಯಕ್ಷನನ್ನೇ ಕಕ್ಕಾಬಿಕ್ಕಿ ಮಾಡಿದವರ ಹೆಸರು ಬಹಿರಂಗ ಸಂಪುಟಗಳಲ್ಲಿ ಎಷ್ಟೋ ಸಲ ಸಿಗುವುದೇ ಇಲ್ಲ; ಅವರನ್ನು ಮತ್ತೆ ಕರೆಯುತ್ತಿರಲಿಲ್ಲ.